ಒಂದೇ ಜಿಂಕೆ, ಎರಡು ಕಾಡು



ಮೈಸೂರಿನಿಂದ ಊಟಿಗೆ ಹೋಗುವ ಬಸ್ಸು ಬಂಡೀಪುರದ ಕಾಡು ಹೊಕ್ಕ ಕೂಡಲೇ ಮಕ್ಕಳು ಕಿಟಕಿಗೆ ಮುಖ ಒತ್ತಿ ಕೂರುತ್ತಾರೆ. ಹುಲಿ ಕಾಣುವುದು ಪುಣ್ಯವಿದ್ದವರಿಗೆ. ಚುಕ್ಕೆ ಜಿಂಕೆ ಮಾತ್ರ ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಹಳಬರು ಸಾರಗ ಎಂದು ಕರೆಯುತ್ತಿದ್ದ ಈ ಪ್ರಾಣಿ ರಸ್ತೆಯಂಚಿನ ಹುಲ್ಲಿನಲ್ಲಿ ಗುಂಪುಗುಂಪಾಗಿ ಮೇಯುತ್ತಿರುತ್ತದೆ. ಕಾಡು ಚೆನ್ನಾಗಿದೆ ಎಂಬುದಕ್ಕೆ ಅದೇ ಗುರುತು ಎಂದು ನಾವೆಲ್ಲ ನಂಬಿದ್ದೇವೆ, ಆ ನಂಬಿಕೆ ಬಹುಮಟ್ಟಿಗೆ ಸರಿಯೂ ಹೌದು.

ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ ಇದೇ ಪ್ರಾಣಿಯನ್ನು ತಡೆಯಲು ಆಳೆತ್ತರಕ್ಕೂ ಮೀರಿದ ಉಕ್ಕಿನ ಜಾಲರಿ ಬೇಲಿ ಕಟ್ಟುತ್ತಾರೆ. ಬೇಲಿಯ ಒಳಗೆ ಅಳಿವಿನಂಚಿನ ಮರಗಳ ಸಸಿಗಳಿರುತ್ತವೆ, ಅವುಗಳಲ್ಲಿ ಗಂಧದ ಸಸಿಯೂ ಒಂದು. ನಮ್ಮ ನೆಲದಿಂದ ಹೋದ ಜಿಂಕೆ, ನಮ್ಮ ಗಂಧದ ಕುಲಕ್ಕೇ ಸೇರಿದ ಮರ: ಇಲ್ಲಿ ಸಾವಿರಾರು ವರ್ಷ ಜೊತೆಯಲ್ಲಿ ಬಾಳಿದ ಎರಡು ಕುಲಗಳು ಅಲ್ಲೇಕೆ ಒಂದಕ್ಕೊಂದು ಕೂಡಿಬರಲಿಲ್ಲ?

ಇಂದಿನ ಉಪನ್ಯಾಸ ಈ ಪ್ರಶ್ನೆಯ ಸುತ್ತಲೇ ನಡೆಯುತ್ತದೆ. ಮೊದಲಿಗೆ, ಜಿಂಕೆ ಮೇದಾಗ ಒಂದು ಸಸಿಗೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಆಮೇಲೆ ಹವಾಯಿಗೆ ಹೋಗಿ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಕೊನೆಗೆ ಬಂಡೀಪುರ, ಮುದುಮಲೆಗಳ ಕಡೆಗೆ ಮರಳಿ, ದಾರಿಯಲ್ಲಿ ಅಂಡಮಾನನ್ನೂ ಮುಟ್ಟಿ ಮುಗಿಸೋಣ.

ಮೊದಲ ವಿಷಯಕ್ಕೆ ಬರೋಣ. ದನ, ಕುರಿಗಳಂತೆ ಜಿಂಕೆಗೂ ಮೇಲ್ದವಡೆಯಲ್ಲಿ ಬಾಚಿಹಲ್ಲಿಲ್ಲ, ಆ ಜಾಗದಲ್ಲಿ ಗಟ್ಟಿಯಾದ ಒಸಡಿನ ಮೆತ್ತೆಯಿದೆ. ಕುಡಿಯನ್ನು ಕೆಳಹಲ್ಲಿಗೂ ಆ ಮೆತ್ತೆಗೂ ನಡುವೆ ಹಿಡಿದು, ತಲೆಯನ್ನು ಒಮ್ಮೆ ಸರಕ್ಕನೆ ಎಳೆದು ಅದು ಕಿತ್ತುಕೊಳ್ಳುತ್ತದೆ. ಹಾಗಾಗಿ ಜಿಂಕೆ ಮೇದ ಕಡ್ಡಿಯ ತುದಿ ನಾರುನಾರಾಗಿ ಸೀಳಿರುತ್ತದೆ. ಮೊಲ ಕಚ್ಚಿದ ಕಡ್ಡಿಯಾದರೆ ಚಾಕುವಿನಿಂದ ಓರೆಯಾಗಿ ಕೊಯ್ದಷ್ಟು ನುಣುಪು. ಮೊಣಕಾಲೂರಿ ಕೂತು ಒಂದು ಸಸಿಯ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿದರೆ ಸಾಕು, ಬಂದು ಹೋದವರು ಯಾರೆಂದು ತಿಳಿಯುತ್ತದೆ. ಅರಣ್ಯ ವಿದ್ಯಾರ್ಥಿ ಮೊದಲು ಕಲಿಯಬೇಕಾದ ಅಕ್ಷರ ಇದು.

ಕಿತ್ತುಹೋದದ್ದು ತುದಿಮೊಗ್ಗು. ಸಸಿ ನೆಟ್ಟಗೆ ಮೇಲೇರುವುದು ಆ ಮೊಗ್ಗಿನ ಬಲದಿಂದ. ಅದು ಹೋದ ಮೇಲೆ ಬುಡದ ಸಂಗ್ರಹವನ್ನೆಲ್ಲ ಬಸಿದು ಪಕ್ಕದ ಕಣ್ಣುಗಳು ಚಿಗುರುತ್ತವೆ. ಹೊಸ ಚಿಗುರು ಇನ್ನೂ ಎಳೆಯದು, ಇನ್ನೂ ರುಚಿ. ಮುಂದಿನ ಸಲ ಅದೂ ಹೋಗುತ್ತದೆ. ಹೀಗೆ ವರ್ಷಗಟ್ಟಲೆ ಮೇಯಿಸಿಕೊಂಡ ಸಸಿ ಮೊಣಕಾಲೆತ್ತರದ ಪೊದೆಯಾಗಿ ಕುಗ್ಗಿರುತ್ತದೆ. ನೋಡಿದವರು ಎಳೆಗಿಡ ಅಂದುಕೊಳ್ಳುತ್ತಾರೆ, ವಯಸ್ಸು ಮಾತ್ರ ದೊಡ್ಡದಿರಬಹುದು. ಜಿಂಕೆ ಹಿಂಗಾಲ ಮೇಲೆ ನಿಂತು ಬಾಯಿ ಚಾಚಿದರೂ ಸಿಗದಷ್ಟು ಎತ್ತರಕ್ಕೆ ತುದಿ ಏರಿದರೆ ಆ ಗಿಡ ಗೆದ್ದಂತೆ. ಅಲ್ಲಿಯವರೆಗಿನ ಬದುಕೆಲ್ಲ ಆ ಕೆಲವು ಅಡಿಗಳ ಓಟ.

ಅಪರೂಪದ ಮರಗಳ ಪಾಲಿಗೆ ಮುಖ್ಯವಾದ ಸಂಗತಿ ಇನ್ನೊಂದಿದೆ. ಹುಲ್ಲು ಮತ್ತು ಸಾಮಾನ್ಯ ಗಿಡಗಳೇ ಜಿಂಕೆಯ ಹೊಟ್ಟೆ ತುಂಬಿಸುವಂಥವು. ಅಪರೂಪದ ಮರದ ಸಸಿ ಅದಕ್ಕೆ ದಾರಿಯಲ್ಲಿ ಸಿಕ್ಕ ಒಂದು ತುತ್ತು. ಆ ಸಸಿಗಳೆಲ್ಲ ಮುಗಿದುಹೋದರೂ ಜಿಂಕೆ ಹಸಿಯುವುದಿಲ್ಲ, ಅದರ ಸಂಖ್ಯೆಯೂ ಇಳಿಯುವುದಿಲ್ಲ. ಸಾಮಾನ್ಯ ಮರವೊಂದು ಸಾವಿರ ಸಸಿಗಳಲ್ಲಿ ಒಂಬೈನೂರನ್ನು ಕಳೆದುಕೊಂಡರೂ ನೂರು ಉಳಿಯುತ್ತವೆ. ಬುಡದಲ್ಲಿ ಐದೇ ಸಸಿ ಹುಟ್ಟಿಸುವ ಮುದಿ ಮರಕ್ಕೆ ಒಂದು ಹಿಂಡು ಒಂದು ಸಂಜೆ ಹಾದುಹೋದರೆ ಆ ವರ್ಷದ ಲೆಕ್ಕ ಮುಗಿಯಿತು.

ಬಾಯಿಯಷ್ಟೇ ಅಲ್ಲದೆ ಕೊಂಬೂ ಇಲ್ಲಿ ಪಾತ್ರ ವಹಿಸುತ್ತದೆ. ಮೃದುಚರ್ಮ ಒಣಗಿದಾಗ ಗಂಡು ಜಿಂಕೆಗಳು ಕೊಂಬನ್ನು ಎಳೆಮರಗಳ ಕಾಂಡಕ್ಕೆ ತಿಕ್ಕುತ್ತವೆ, ತೊಗಟೆ ಸುಲಿದುಹೋಗುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಅಪಲಾಚಿಕೋಲಾ ನದಿಯ ಇಳಿಜಾರುಗಳಲ್ಲಿ ಬೆಳೆಯುವ ಟೊರೆಯಾ ಎಂಬ ಮರ ಶಿಲೀಂಧ್ರ ರೋಗದಿಂದ ಹೆಚ್ಚುಕಡಿಮೆ ಮುಗಿದೇಹೋಗಿದೆ. ಬುಡದಿಂದ ಮತ್ತೆ ಚಿಗುರಿದ ತೆಳು ಕಾಂಡಗಳೇ ಈಗ ಅದರ ಆಸ್ತಿ. ಆ ಕಾಂಡಗಳಿಗೂ ಅಲ್ಲಿನ ಬಿಳಿಬಾಲದ ಜಿಂಕೆಗಳು ಕೊಂಬು ತಿಕ್ಕುತ್ತವೆ. ಕಾಯಿಲೆಯಿಂದ ಬಳಲಿದ ಮರಕ್ಕೆ ಆ ಗಾಯ ತಾಳಿಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು?

ಈಗ ಎರಡನೆಯ ವಿಷಯ, ಹವಾಯಿ.

ಅತ್ಯಂತ ಹತ್ತಿರದ ಭೂಖಂಡದಿಂದಲೂ ಮೂರೂವರೆ ಸಾವಿರ ಕಿಲೋಮೀಟರಿಗಿಂತ ದೂರದಲ್ಲಿ, ಕಡಲಡಿಯ ಜ್ವಾಲಾಮುಖಿಗಳು ಎಬ್ಬಿಸಿದ ದ್ವೀಪಗಳಿವು. ಮನುಷ್ಯ ಬರುವ ಮೊದಲು ಅಲ್ಲಿನ ನೆಲದ ಮೇಲೆ ಗೊರಸಿನ ಪ್ರಾಣಿ ಒಂದೂ ಇರಲಿಲ್ಲ. ನೆಲದ ಸಸ್ತನಿ ಎಂದರೆ ಗಾಳಿಯಲ್ಲಿ ಹಾರಿಬಂದ ಬಾವಲಿ ಮಾತ್ರ. ಅಲ್ಲಿನ ಹೂಬಿಡುವ ಸ್ಥಳೀಯ ಸಸ್ಯಗಳಲ್ಲಿ ಶೇ. 90ರಷ್ಟು ಜಗತ್ತಿನ ಬೇರೆಲ್ಲೂ ಇಲ್ಲ. ಮೇಯುವ ಸಸ್ತನಿಯ ಬಾಯಿಯನ್ನೇ ಕಾಣದೆ ಲಕ್ಷಾಂತರ ವರ್ಷ ಬೆಳೆದ ಈ ಸಸ್ಯಗಳು ತಮ್ಮ ಆಯುಧಗಳನ್ನು ಒಂದೊಂದಾಗಿ ಕಳೆದುಕೊಂಡವು. ತುರಿಕೆ ಗಿಡದ ಕುಟುಂಬದ ಮಾಮಕಿ ಚುಚ್ಚುವುದಿಲ್ಲ. ತುಳಸಿ, ಪುದೀನಗಳ ಕುಟುಂಬದ ಗಿಡಗಳಲ್ಲಿ ಆ ಘಾಟಿಲ್ಲ. ಮುಳ್ಳಿನ ರಾಸ್‌ಬೆರಿಯ ಬಳಗದ ಆಕಲಾದಲ್ಲಿ ಹೆಸರಿಗಷ್ಟೇ ಮುಳ್ಳು.

ಇಂಥ ನೆಲಕ್ಕೆ 1778ರಲ್ಲಿ ಕ್ಯಾಪ್ಟನ್ ಕುಕ್ ಆಡುಗಳನ್ನು ತಂದು ಬಿಟ್ಟ. 1793ರಲ್ಲಿ ನಾವಿಕ ವ್ಯಾಂಕೂವರ್ ಅಲ್ಲಿನ ರಾಜ ಕಾಮೆಹಾಮೆಹಾನಿಗೆ ದನಗಳನ್ನು ಕೊಟ್ಟ. ಹತ್ತು ವರ್ಷ ಯಾರೂ ಅವನ್ನು ಕೊಲ್ಲಬಾರದೆಂದು ರಾಜಾಜ್ಞೆಯಾಯಿತು, ದನಗಳು ಕಾಡುಬಿದ್ದು ಹೆಚ್ಚಿದವು. ಅದೇ ಕಾಲಕ್ಕೆ ಗಂಧದ ವ್ಯಾಪಾರ ಶುರುವಾಯಿತು. ಮೈಸೂರು ಸೀಮೆಯ ಗಂಧ ಎಷ್ಟೋ ಕಾಲದಿಂದ ಪೂರ್ವದ ಮಾರುಕಟ್ಟೆಗಳಿಗೆ ಹೋಗುತ್ತಿತ್ತು. ಇತ್ತ 1792ರಲ್ಲಿ ಟಿಪ್ಪು ಸುಲ್ತಾನ ಗಂಧವನ್ನು ರಾಜವೃಕ್ಷವೆಂದು ಸಾರಿದ. ಅತ್ತ ಹವಾಯಿಯ ಬೆಟ್ಟಗಳಿಂದ ಗಂಧ ಹಡಗು ಹಡಗಾಗಿ ಚೀನಾದ ಕ್ಯಾಂಟನ್ನಿಗೆ ಸಾಗತೊಡಗಿತು. ಚೀನೀಯರು ಹೊನೊಲುಲುವನ್ನು ಇಂದಿಗೂ ಗಂಧದ ಬೆಟ್ಟ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. 1840ರ ಹೊತ್ತಿಗೆ ಕಡಿಯಲು ಸಿಗುವ ಮರವೇ ಇಲ್ಲದೆ ಆ ವ್ಯಾಪಾರ ನಿಂತಿತು.

ಜಿಂಕೆ ಬಂದದ್ದು ಆಮೇಲೆ. ಭಾರತ ಮೂಲದ ಬೆರಳೆಣಿಕೆಯಷ್ಟು ಚುಕ್ಕೆ ಜಿಂಕೆಗಳು ಹಾಂಗ್‌ಕಾಂಗಿನಿಂದ ಐದನೆಯ ಕಾಮೆಹಾಮೆಹಾ ರಾಜನಿಗೆ ಉಡುಗೊರೆಯಾಗಿ 1867ರ ಕೊನೆಯಲ್ಲಿ ಹಡಗೇರಿ ಬಂದವು. ಮರುವರ್ಷದ ಆರಂಭದಲ್ಲಿ ಅವನ್ನು ಮೊಲೊಕಾಯ್ ದ್ವೀಪದಲ್ಲಿ ಬಿಟ್ಟರು. ಹೊಂಚುವ ಹುಲಿಯಿಲ್ಲ, ಚಿರತೆಯಿಲ್ಲ, ಅಟ್ಟುವ ಸೀಳುನಾಯಿಯಿಲ್ಲ. ಚುಕ್ಕೆ ಜಿಂಕೆಗೆ ಇಂಥದ್ದೇ ತಿಂಗಳಲ್ಲಿ ಮರಿ ಹಾಕಬೇಕೆಂಬ ಕಟ್ಟೂ ಇಲ್ಲ. ಆ ಶತಮಾನ ಮುಗಿಯುವಷ್ಟರಲ್ಲಿ ಮೊಲೊಕಾಯ್‌ನಲ್ಲಿ ಸಾವಿರಗಟ್ಟಲೆ ಜಿಂಕೆಗಳಾಗಿ, ಅವನ್ನು ಹೊಡೆಯಲು ಬೇಟೆಗಾರರನ್ನು ನೇಮಿಸಬೇಕಾಯಿತು. ಅಷ್ಟಾದರೂ 1920ರಲ್ಲಿ ಲನಾಯ್ ದ್ವೀಪಕ್ಕೆ, 1959ರಲ್ಲಿ ಮಾವಿ ದ್ವೀಪಕ್ಕೆ ಬೇಟೆಯ ಮೋಜಿಗೆಂದು ಜಿಂಕೆಗಳನ್ನು ಒಯ್ದರು. ಮಾವಿಗೆ ಹೋದದ್ದು ಒಟ್ಟು ಒಂಬತ್ತು. ಇತ್ತೀಚಿನ ಅಂದಾಜಿನಲ್ಲಿ ಆ ಒಂದೇ ದ್ವೀಪದಲ್ಲಿ ಹತ್ತಾರು ಸಾವಿರ ಜಿಂಕೆಗಳಿವೆ.

ಲನಾಯ್ ದ್ವೀಪದ ಕಾನೆಪೂ ಎಂಬಲ್ಲಿ ಸುಮಾರು 590 ಎಕರೆಯ ಒಂದು ಒಣಕಾಡಿನ ರಕ್ಷಿತ ತುಂಡಿದೆ. ಹವಾಯಿಯ ಮಳೆ ಕಡಿಮೆಯ ತಗ್ಗುಪ್ರದೇಶಗಳನ್ನು ಒಂದು ಕಾಲಕ್ಕೆ ಆವರಿಸಿದ್ದ ಒಣಕಾಡಿನಲ್ಲಿ ಹತ್ತನೆಯ ಒಂದು ಭಾಗವೂ ಉಳಿದಿಲ್ಲ, ಉಳಿದ ಚೂರುಗಳಲ್ಲಿ ಇದು ಮುಖ್ಯವಾದದ್ದು. ಅಲ್ಲಿನ ಮರಗಳ ಹೆಸರು ನಮಗೆ ಹೊಸದು, ಬಳಗ ಹಳೆಯದು. ಲಾಮಾ ಎಂಬುದು ನಮ್ಮ ತೂಬರೆಯ ಕುಲ. ನಾನೂ ಎಂಬುದು ಬಿಕ್ಕೆಯ ಕುಲ, ಅದು ಅಳಿವಿನಂಚಿನ ಮರ. ಒಲೊಪುವಾ ಮಲ್ಲಿಗೆಯ ಕುಟುಂಬದ್ದು. ಇವುಗಳ ನಡುವೆ ಅಲ್ಲೊಂದು ಇಲ್ಲೊಂದು ಲನಾಯ್ ಗಂಧ. ಈ ಗಂಧವನ್ನು ಅಮೆರಿಕ ಸರ್ಕಾರ 1986ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಈ ಕಾಡಿನ ಚೂರು ಉಳಿದದ್ದಕ್ಕೆ ಜಾರ್ಜ್ ಮನ್ರೋ ಎಂಬುವವರನ್ನು ನೆನೆಯಬೇಕು. ನ್ಯೂಜಿಲೆಂಡಿನಿಂದ ಬಂದು 20ನೇ ಶತಮಾನದ ಆರಂಭದಲ್ಲಿ ಲನಾಯ್‌ನ ದನದ ಕಾವಲಿಗೆ ವ್ಯವಸ್ಥಾಪಕರಾಗಿದ್ದ ಅವರು ಆಡು, ಕುರಿಗಳನ್ನು ಹೊರಗಟ್ಟಿ ಈ ಮರಗಳ ಸುತ್ತ ಬೇಲಿ ಹಾಕಿಸಿದರು. ಮಾಂಸ, ಉಣ್ಣೆಯ ಲೆಕ್ಕ ಬರೆಯಬೇಕಾದ ಮನುಷ್ಯ ಮರದ ಲೆಕ್ಕವನ್ನೂ ಬರೆದ. ಅಂಥವರು ಎಲ್ಲ ಕಾಲಕ್ಕೂ ಕಡಿಮೆ.

ಗಂಧಕ್ಕೆ ಇನ್ನೊಂದು ಕಷ್ಟ ಇದೆ. ಅದು ಅರೆಪರಾವಲಂಬಿ. ಮೊಳೆತ ಸಸಿ ತನ್ನ ಬೇರನ್ನು ಅಕ್ಕಪಕ್ಕದ ಗಿಡದ ಬೇರಿಗೆ ತಗುಲಿಸಿ ನೀರು, ಲವಣ ಹೀರಬೇಕು. ಜಿಂಕೆ, ಆಡುಗಳು ಸುತ್ತಲಿನ ಪೊದೆಗಳನ್ನು ಮೇದು ಮುಗಿಸಿದರೆ ಗಂಧದ ಸಸಿಗೆ ಆಸರೆಯೇ ತಪ್ಪುತ್ತದೆ. ಸಸಿಯನ್ನು ನೇರವಾಗಿ ಮುಟ್ಟದೆಯೂ ಕೊಲ್ಲಬಹುದು ಎಂಬುದಕ್ಕೆ ಇದು ಉದಾಹರಣೆ. ಬಿದ್ದ ಬೀಜಗಳನ್ನು ಹಡಗಿನಲ್ಲಿ ಬಂದ ಇಲಿಗಳು ತಿನ್ನುತ್ತವೆ. ಬರಿದಾದ ನೆಲಕ್ಕೆ ಹೊರಗಿನ ಹುಲ್ಲು ಹಬ್ಬುತ್ತದೆ, ಬೇಸಿಗೆಯಲ್ಲಿ ಆ ಹುಲ್ಲಿಗೆ ಬೆಂಕಿ ಬೀಳುತ್ತದೆ. ಎಲ್ಲ ತಪ್ಪನ್ನೂ ಜಿಂಕೆಯ ತಲೆಗೆ ಕಟ್ಟುವುದು ನ್ಯಾಯವಾಗದು. ದನ, ಆಡು, ಇಲಿ, ಹುಲ್ಲು, ಬೆಂಕಿ ಎಲ್ಲವೂ ಸೇರಿ ತೆಗೆದ ದಾರಿಯಲ್ಲಿ ಜಿಂಕೆ ನಡೆಯುತ್ತಿದೆ.

ಈ ಮಾತಿಗೆ ಗಟ್ಟಿ ಆಧಾರ ಮಾವಿ ದ್ವೀಪದ ಔವಾಹಿಯಲ್ಲಿದೆ. ಹಾಲೆಯಾಕಲಾ ಜ್ವಾಲಾಮುಖಿಯ ದಕ್ಷಿಣ ಇಳಿಜಾರಿನ ಈ ಜಾಗವನ್ನು ಹವಾಯಿಯ ಸ್ಥಳೀಯ ಮರಗಳ ಬಗ್ಗೆ 1913ರಲ್ಲಿ ದೊಡ್ಡ ಗ್ರಂಥ ಬರೆದ ಜೋಸೆಫ್ ರಾಕ್ ಅತ್ಯಂತ ಸಮೃದ್ಧ ಸಸ್ಯತಾಣಗಳಲ್ಲಿ ಒಂದೆಂದು ಗುರುತಿಸಿದ್ದರು. 20ನೇ ಶತಮಾನದ ಕೊನೆಗೆ ಅಲ್ಲಿ ಉಳಿದದ್ದು ಕಿಕುಯು ಹುಲ್ಲಿನ ದಪ್ಪ ಹಾಸು, ಅದರ ನಡುವೆ ಬಿಡಿಬಿಡಿಯಾಗಿ ನಿಂತ ಮುದಿ ಮರಗಳು. ಮರಗಳು ಹೂ ಬಿಡುತ್ತಿದ್ದವು, ಕಾಯಿ ಕಟ್ಟುತ್ತಿದ್ದವು. ಕೆಳಗೆ ಒಂದು ಮರಿಯೂ ಇಲ್ಲ. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಜಗಲಿ ಮೇಲೆ ಅಜ್ಜ ಅಜ್ಜಿಯರಿದ್ದು, ಮಕ್ಕಳಿಲ್ಲದೆ ಶಾಲೆ ಮುಚ್ಚಿದೆಯಲ್ಲ, ಅಂಥ ಸ್ಥಿತಿ.

ವಿಜ್ಞಾನಿ ಆರ್ಟ್ ಮೆಡೀರೋಸ್ 1997ರಲ್ಲಿ ಅಲ್ಲಿನ ಜಾನುವಾರು ಕಾವಲಿನ ಒಡೆಯರ ಸಹಕಾರದಿಂದ ಹತ್ತು ಎಕರೆಗೆ ಬೇಲಿ ಹಾಕಿಸಿದರು. ಹುಲ್ಲನ್ನು ಔಷಧಿ ಹೊಡೆದು ಒಣಗಿಸಿದರು. ಮೊದಲು ನೆಟ್ಟದ್ದು ಆಆಲಿಯಿ ಎಂಬ ಗಟ್ಟಿಜೀವದ ಪೊದೆಯನ್ನು. ಇದು ನಮಗೆ ಅಪರಿಚಿತವಲ್ಲ. ನಮ್ಮ ಬಯಲುಸೀಮೆಯ ಗುಡ್ಡಗಳಲ್ಲಿ ಬೆಳೆಯುವ ಬಂದರಿಕೆ ಗಿಡವೇ ಅದು, ಕಡಲು ದಾಟಿ ಎರಡೂ ಕಡೆ ನೆಲೆಸಿದ ಒಂದೇ ಜಾತಿ. ವಾರಾಂತ್ಯಗಳಲ್ಲಿ ಊರಿನ ಜನ ಬೆಟ್ಟ ಹತ್ತಿ ಬಂದು ಸಸಿ ನೆಟ್ಟರು. ಬಂದರಿಕೆ ನೆರಳು ಕೊಟ್ಟಿತು, ನೆರಳಲ್ಲಿ ಹುಲ್ಲು ಸೊರಗಿತು, ಮಣ್ಣಿನಲ್ಲಿ ತೇವ ನಿಂತಿತು. ಸುಮಾರು ಒಂದೂವರೆ ದಶಕದ ಬಳಿಕ ಅಳೆದಾಗ, ಮುಕ್ಕಾಲು ಭಾಗ ನೆಲವನ್ನು ಮುಚ್ಚಿದ್ದ ಕಿಕುಯು ಹುಲ್ಲು ಶೇ. 3ರ ಆಸುಪಾಸಿಗೆ ಇಳಿದಿತ್ತು. ಶೇ. 3ರಷ್ಟಿದ್ದ ಸ್ಥಳೀಯ ಪೊದೆಗಳು ಶೇ. 80ನ್ನು ದಾಟಿದ್ದವು. ಎಲ್ಲಕ್ಕಿಂತ ದೊಡ್ಡ ಸುದ್ದಿ ನೆಲದಲ್ಲಿತ್ತು: ಯಾರೂ ನೆಡದ ಮರಗಳ ಸಸಿಗಳು ಮುದಿ ಮರಗಳ ಬುಡದಲ್ಲಿ ತಾವಾಗಿ ಏಳತೊಡಗಿದ್ದವು.

ಬೇಲಿಯಾಚೆ ಈಗಲೂ ಹುಲ್ಲೇ ಇದೆ.

ಅಲ್ಲಿನ ಜನರ ಮಾತನ್ನೂ ಕೇಳಬೇಕು. ಮೊಲೊಕಾಯ್, ಲನಾಯ್‌ಗಳ ಎಷ್ಟೋ ಮನೆಗಳಲ್ಲಿ ಜಿಂಕೆ ಮಾಂಸವೇ ಅಡುಗೆಗೆ ಆಧಾರ. ತಂದೆ ಮಗನಿಗೆ ಬೇಟೆ ಕಲಿಸುವುದು ಅಲ್ಲಿ ಮನೆತನದ ಪಾಠ. ಜಿಂಕೆಯನ್ನು ಪೂರ್ತಿ ಇಲ್ಲವಾಗಿಸುತ್ತೇವೆ ಎಂದರೆ ಅವರು ಒಪ್ಪುವುದಿಲ್ಲ, ಅವರ ಮಾತಿನಲ್ಲೂ ಅರ್ಥವಿದೆ. ಇನ್ನೊಂದು ಕಡೆ ಜಿಂಕೆಗೂ ಅಲ್ಲಿ ಸುಖವಿಲ್ಲ. 2020–21ರ ಬರದಲ್ಲಿ ಮೊಲೊಕಾಯ್‌ನಲ್ಲಿ ನೂರಾರು ಜಿಂಕೆಗಳು ಮೇವಿಲ್ಲದೆ ಬಡಕಲಾಗಿ ಸತ್ತವು. 2021ರ ಜನವರಿಯಲ್ಲಿ ಅಲ್ಲಿನ ಗವರ್ನರು ಜಿಂಕೆಯ ಸಲುವಾಗಿಯೇ ತುರ್ತುಸ್ಥಿತಿ ಘೋಷಿಸಬೇಕಾಯಿತು. ಇದಕ್ಕೂ ಮೊದಲು, ಜಿಂಕೆಯಿಂದಾಗುವ ಹಾನಿ ಗೊತ್ತಿದ್ದೂ 2009ರಲ್ಲಿ ಕೆಲವರು ಹೆಲಿಕಾಪ್ಟರಿನಲ್ಲಿ ನಾಲ್ಕು ಜಿಂಕೆಗಳನ್ನು ಅದುವರೆಗೆ ಜಿಂಕೆಯೇ ಇಲ್ಲದಿದ್ದ, ಹವಾಯಿ ಎಂಬ ಹೆಸರಿನದೇ ಆದ ದೊಡ್ಡ ದ್ವೀಪಕ್ಕೆ ಒಯ್ದು ಬಿಟ್ಟರು. ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಜಿಂಕೆಗಳನ್ನು ದ್ವೀಪದಿಂದ ದ್ವೀಪಕ್ಕೆ ಸಾಗಿಸುವುದನ್ನು 2012ರಲ್ಲಿ ಕಾನೂನೇ ತಡೆಯಿತು.

ಇನ್ನು ಮೂರನೆಯ ವಿಷಯ: ನಮ್ಮ ಕಾಡು.

ಉಲ್ಲಾಸ ಕಾರಂತ ಮತ್ತು ಅಮೆರಿಕದ ಮೆಲ್ ಸನ್‌ಕ್ವಿಸ್ಟ್ ನಾಗರಹೊಳೆಯಲ್ಲಿ ಲೆಕ್ಕ ಹಾಕಿ 1992ರಲ್ಲಿ ಪ್ರಕಟಿಸಿದಾಗ ಒಂದು ಚದರ ಕಿಲೋಮೀಟರಿಗೆ ಸುಮಾರು 50 ಚುಕ್ಕೆ ಜಿಂಕೆಗಳಿದ್ದವು. ಇದು ಸಣ್ಣ ಸಂಖ್ಯೆಯಲ್ಲ. ಅವುಗಳ ಜೊತೆಗೆ ಕಡವೆ, ಕಾಡುಕುರಿ, ಕಾಟಿ, ಆನೆಗಳೂ ಇದ್ದವು. ಹಾಗಿದ್ದೂ ಆ ಕಾಡು ಔವಾಹಿಯಂತೆ ಬೋಳಾಗಿರಲಿಲ್ಲ. ಕಾರಣವನ್ನು ಹುಲಿ, ಚಿರತೆ, ಸೀಳುನಾಯಿಗಳಲ್ಲಿ ಹುಡುಕಬೇಕು. ಮೂರೂ ಆ ಒಂದೇ ಕಾಡಿನಲ್ಲಿ ಬೇಟೆಯಾಡುತ್ತವೆ. ಎ.ಜೆ.ಟಿ. ಜಾನ್‌ಸಿಂಗ್ 1976ರಿಂದ 78ರವರೆಗೆ ಬಂಡೀಪುರದಲ್ಲಿ ಸೀಳುನಾಯಿಗಳ ಹಿಂದೆ ಕಾಲ್ನಡಿಗೆಯಲ್ಲಿ ಅಲೆದು ಅಧ್ಯಯನ ಮಾಡಿದಾಗ, ಅವುಗಳ ಮುಖ್ಯ ಆಹಾರ ಚುಕ್ಕೆ ಜಿಂಕೆಯೇ ಎಂಬುದನ್ನು ತೋರಿಸಿದರು. ಬೇಟೆಯಾಡುವ ಪ್ರಾಣಿಯ ಕೆಲಸ ಕೊಂದಷ್ಟಕ್ಕೆ ಮುಗಿಯುವುದಿಲ್ಲ. ಹುಲಿಯ ವಾಸನೆ ಬಂದ ಕಡೆ ಹಿಂಡು ನಿಲ್ಲುವುದಿಲ್ಲ, ಅರ್ಧ ಮೇದ ಪೊದೆಯನ್ನು ಬಿಟ್ಟು ಸಾಗುತ್ತದೆ. ಬಿಟ್ಟುಹೋದ ಆ ಅರ್ಧದಲ್ಲಿ ಒಂದು ಸಸಿಗೆ ಉಸಿರಾಡಲು ಹೊತ್ತು ಸಿಗುತ್ತದೆ.

ನಮ್ಮ ಮರಗಳೂ ಜಿಂಕೆಯ ಜೊತೆಗೇ ಬೆಳೆದಂಥವು. ಬೆಟ್ಟದ ನೆಲ್ಲಿಯನ್ನೇ ನೋಡಿ. ಉದುರಿದ ನೆಲ್ಲಿಕಾಯಿಯನ್ನು ಜಿಂಕೆ ನುಂಗಿ, ದೂರ ಹೋಗಿ ನೆರಳಲ್ಲಿ ಮಲಗಿ ಮೆಲುಕು ಹಾಕುವಾಗ ಗಟ್ಟಿ ಬೀಜವನ್ನು ಉಗುಳುತ್ತದೆ. ಸೌಮ್ಯ ಪ್ರಸಾದ್ ಮತ್ತು ಜೊತೆಗಾರರು ಉತ್ತರದ ರಾಜಾಜಿ ಕಾಡಿನಲ್ಲೂ ಮುದುಮಲೆಯಲ್ಲೂ ಇದನ್ನು ಅಧ್ಯಯನ ಮಾಡಿದ್ದಾರೆ. ಮುದುಮಲೆಯಲ್ಲಿ ಮರದಡಿ ಕ್ಯಾಮೆರಾ ಇಟ್ಟು, ನೆಲ್ಲಿಕಾಯಿ ತಿನ್ನಲು ಯಾರು ಯಾರು ಬರುತ್ತಾರೆಂದು ಕಾದರು. ಚಿತ್ರಗಳಲ್ಲಿ ಚುಕ್ಕೆ ಜಿಂಕೆಯ ಜೊತೆ ಕಡವೆ, ಕಾಡುಕುರಿ, ಪುಟ್ಟ ಬರ್ಕವೂ ಇದ್ದವು. ಸಸಿ ಮೇಯುವ ಬಾಯೇ ಇಲ್ಲಿ ಬೀಜವನ್ನೂ ಬಿತ್ತುತ್ತದೆ.

ಗಂಧಕ್ಕೂ ನಮ್ಮಲ್ಲಿ ಕಷ್ಟ ತಪ್ಪಿಲ್ಲ. ಅದರ ಎಳೆಗಿಡವನ್ನು ಜಿಂಕೆ, ಮೊಲ, ದನ ಎಲ್ಲವೂ ಇಷ್ಟಪಟ್ಟು ತಿನ್ನುತ್ತವೆ. ಗಂಧಕ್ಕೆ ಮೈಮೇಲೆ ಮುಳ್ಳಿಲ್ಲ, ಆದರೆ ಮುಳ್ಳಿನ ನೆಂಟಸ್ತಿಕೆ ಇದೆ. ಕೋಗಿಲೆ, ಪಿಕಳಾರಗಳು ಹಣ್ಣು ತಿಂದು ಮುಳ್ಳುಪೊದೆಯಲ್ಲಿ ಕೂತು ಬೀಜ ಹಾಕುತ್ತವೆ. ಪೊದೆಯೊಳಗೆ ಮೊಳೆತ ಸಸಿಗೆ ಅದೇ ಬೇಲಿ, ಅದರ ಬೇರೇ ಊಟ. ಅರಣ್ಯ ಇಲಾಖೆಯ ಹಳೆಯ ನೌಕರರಿಗೆ ಇದು ಪುಸ್ತಕವಿಲ್ಲದೆ ಗೊತ್ತಿತ್ತು. ಗಂಧದ ಬೀಜವನ್ನು ಬಯಲಲ್ಲಿ ಚೆಲ್ಲದೆ, ಕೋಲಿನಿಂದ ಪೊದೆಯ ಬುಡದಲ್ಲಿ ಕುಣಿ ಮಾಡಿ ಊರುವ ಪದ್ಧತಿ ನಮ್ಮ ಕಾಡುಗಳಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಲನಾಯ್‌ನ ಗಂಧಕ್ಕೆ ಆ ಮುಳ್ಳಿನ ನೆಂಟಸ್ತಿಕೆ ಇಲ್ಲ, ಉಕ್ಕಿನ ಬೇಲಿ ಬೇಕಾಗಿದ್ದು ಅದಕ್ಕೇ.

ಹಾಗೆಂದು ನಮ್ಮ ದೇಶದಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಅಂಡಮಾನಿಗೆ ಹೋದವರು 2018ರವರೆಗೆ ರಾಸ್ ಎಂಬ ಹೆಸರಿದ್ದ ದ್ವೀಪದ ಪಾಳು ಕಟ್ಟಡಗಳ ನಡುವೆ ಕೈಯಿಂದಲೇ ತಿನ್ನುವಷ್ಟು ಸಲಿಗೆಯ ಚುಕ್ಕೆ ಜಿಂಕೆಗಳನ್ನು ನೋಡಿರುತ್ತಾರೆ. ಅವು ಅಲ್ಲಿನವಲ್ಲ. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ತಂದು ಬಿಟ್ಟಂಥವು. ಈಜಬಲ್ಲ ಪ್ರಾಣಿಯಾದ್ದರಿಂದ ದ್ವೀಪದಿಂದ ದ್ವೀಪಕ್ಕೆ ದಾಟಿದವು. ಅಲ್ಲಿಯೂ ಹುಲಿ, ಚಿರತೆಗಳಿಲ್ಲ. ರವೂಫ್ ಅಲಿ ಆ ದ್ವೀಪಗಳಲ್ಲಿ ಅಧ್ಯಯನ ಮಾಡಿ, ಜಿಂಕೆಯಿರುವ ಕಡೆ ಕಾಡಿನ ಮರುಹುಟ್ಟು ಕುಗ್ಗುತ್ತಿದೆ ಎಂದು 2004ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಮುಖ್ಯ ನೆಲದಲ್ಲಿ ಜಿಂಕೆಯನ್ನು ಕಾಯುವ 1972ರ ವನ್ಯಜೀವಿ ಕಾಯ್ದೆಯೇ ಅಲ್ಲಿಯೂ ಅನ್ವಯಿಸುತ್ತದೆ. ಬಂಡೀಪುರಕ್ಕೆ ಹೊಂದುವ ರಕ್ಷಣೆ ಅಂಡಮಾನಿನ ಕಾಡಿಗೆ ಹೊರೆಯಾಗಿದೆ. ಕಾನೂನು ಪ್ರಾಣಿಯ ಹೆಸರನ್ನು ನೋಡುತ್ತದೆ, ಅದು ನಿಂತ ನೆಲವನ್ನೂ ನೋಡಬೇಕಾಗಿದೆ.

ಇಲ್ಲಿ ನಮ್ಮ ನಾಡಿನ ಒಂದು ತಪ್ಪನ್ನೂ ಹೇಳಲೇಬೇಕು. 1972ರ ಕಾಯ್ದೆ ಬರುವವರೆಗೂ ಸೀಳುನಾಯಿಯನ್ನು ಪೀಡೆಯ ಪ್ರಾಣಿ ಎಂದು ಬಗೆದು, ಕೊಂದವರಿಗೆ ಇನಾಮು ಕೊಡುತ್ತಿದ್ದರು. ಬೇಟೆಯ ಜಿಂಕೆಗಳನ್ನು ಅದು ತಿಂದುಹಾಕುತ್ತದೆ ಎಂಬುದೇ ದೂರು. ಸಸಿಗಳ ಕಾವಲುಗಾರನ ತಲೆಗೆ ನಾವೇ ಬೆಲೆ ಕಟ್ಟಿದ್ದೆವು. ಇಂದು ಜಗತ್ತಿನಲ್ಲೇ ಅಳಿವಿನಂಚಿನಲ್ಲಿರುವ ಆ ಪ್ರಾಣಿ ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಉಳಿದುಕೊಂಡಿರುವುದು ನಮ್ಮ ಪುಣ್ಯ.

ಕೊನೆಯದಾಗಿ, ಈ ಸಭೆಯಲ್ಲಿರುವ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಾಳೆ ನಿಮ್ಮಲ್ಲಿ ಹಲವರು ವಲಯ ಅರಣ್ಯಾಧಿಕಾರಿಗಳಾಗುತ್ತೀರಿ. ನಿಮ್ಮ ವಲಯದಲ್ಲಿ ಅಪರೂಪದ ಮರವೊಂದು ಕಾಯಿ ಬಿಡುತ್ತಿದ್ದೂ ಅದರಡಿಯಲ್ಲಿ ಸಸಿ ಕಾಣದಿದ್ದರೆ, ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಒಂದು ಬೇಲಿ ಹಾಕಿಸಿ. ಪಕ್ಕದಲ್ಲೇ ಅಷ್ಟೇ ಅಳತೆಯ ಜಾಗಕ್ಕೆ ಬರೀ ಗೂಟ ನೆಟ್ಟು ಬಯಲಾಗಿಯೇ ಬಿಡಿ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಎರಡೂ ಕಡೆ ಮೊಣಕಾಲೂರಿ ಸಸಿಗಳನ್ನು ಎಣಿಸಿ, ತುದಿ ಸೀಳಿದೆಯೋ ಕೊಯ್ದಂತಿದೆಯೋ ನೋಡಿ, ವಹಿಯಲ್ಲಿ ಬರೆದಿಡಿ. ವರ್ಗವಾಗಿ ಹೋಗುವಾಗ ಆ ವಹಿಯನ್ನು ನಿಮ್ಮ ನಂತರ ಬರುವವರ ಕೈಗೆ ಕೊಟ್ಟು ಹೋಗಿ.